ತಲೆನೋವಿಗೆ ಕ್ರೇನಿಯೋಸೇಕ್ರಲ್ ಥೆರಪಿ: ನಾನು ಕಳೆದುಕೊಂಡ 9 ವಾರ

ತಲೆನೋವಿಗೆ ಕ್ರೇನಿಯೋಸೇಕ್ರಲ್ ಥೆರಪಿ, ಅಂದರೆ ತಲೆಗೂ ಸೊಂಟದ ಕೆಳಗಿನ ಮೂಳೆಗೂ ಹಗುರವಾಗಿ ಕೈಯಿಟ್ಟು ಮಾಡುವ ಚಿಕಿತ್ಸೆ, ಮಾಡಿಸಿಕೊಳ್ಳೋಣ ಅಂದುಕೊಂಡಿದ್ದರೆ ದಯವಿಟ್ಟು ಇದನ್ನು ಓದಿ. ನನ್ನ ಎಡಗಣ್ಣಿಗೆ ಈಗ ಪಕ್ಕದಲ್ಲಿರುವುದು ಕಾಣುವುದಿಲ್ಲ. ಹೋದ ನೋಟ ಮರಳಿ ಬರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ.

ಕಳೆದ ವರ್ಷ ಬೆಳಿಗ್ಗೆ ಏಳುತ್ತಲೇ ತಲೆನೋವು ಬರತೊಡಗಿತು. ಬಗ್ಗಿದರೆ, ಕೆಮ್ಮಿದರೆ ಇನ್ನೂ ಜಾಸ್ತಿ. ರಾತ್ರಿ ಮಲಗಿದರೆ ಎದೆಬಡಿತದ ಜೊತೆಗೇ ಕಿವಿಯಲ್ಲಿ ಸುಯ್ ಸುಯ್ ಸದ್ದು. ಆರು ತಿಂಗಳಲ್ಲಿ 9 ಕಿಲೋ ತೂಕವೂ ಏರಿತ್ತು. ಮಾತ್ರೆ ನುಂಗಿ ನುಂಗಿ ಸಾಕಾಗಿದ್ದಾಗ ಆಫೀಸಿನ ಗೆಳತಿ ಬೆಂಗಳೂರಿನ ಒಂದು ವೆಲ್‌ನೆಸ್ ಸೆಂಟರ್ ಬಗ್ಗೆ ಹೇಳಿದಳು. ವಾರಕ್ಕೊಮ್ಮೆ ಹೋಗಬೇಕು, ಪ್ರತಿ ಸಲ 2,500 ರೂಪಾಯಿ.

ಅಲ್ಲಿ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಥೆರಪಿಸ್ಟ್ ನನ್ನ ತಲೆಯ ಹಿಂಭಾಗಕ್ಕೆ, ಆಮೇಲೆ ಸೊಂಟದ ಕೆಳಗಿನ ಮೂಳೆಗೆ ಕೈಯಿಟ್ಟು ಸುಮ್ನೆ ಕೂರುತ್ತಿದ್ದರು. 5 ಗ್ರಾಂಗಿಂತ ಹೆಚ್ಚು ಭಾರ ಹಾಕುವುದಿಲ್ಲ ಅಂದರು. ಮಿದುಳು, ಬೆನ್ನುಹುರಿಯ ಸುತ್ತ ಇರುವ ನೀರು ಒಂದು ಲಯದಲ್ಲಿ ಏರಿಳಿಯುತ್ತದಂತೆ. ನನ್ನದು ಎಲ್ಲೋ ತಡೆದಿದೆಯಂತೆ. ಕಿವಿಯ ಸದ್ದಿನ ಬಗ್ಗೆ ಹೇಳಿದೆ. "ಅದು ನಿಮ್ಮ ಲಯವೇ ಮೇಡಂ, ಈಗ ನಿಮಗೆ ಕೇಳಿಸ್ತಾ ಇದೆ" ಅಂದರು. ನನಗೆ ಖುಷಿಯಾಯಿತು.

ಐದನೇ ವಾರದಿಂದ ಎದ್ದು ನಿಂತ ತಕ್ಷಣ ಎರಡು ಮೂರು ಸೆಕೆಂಡ್ ಕಣ್ಣು ಮಂಜಾಗುತ್ತಿತ್ತು. ಅದನ್ನೂ ಹೇಳಿದೆ. "ಹೀಲಿಂಗ್ ಕ್ರೈಸಿಸ್, ಒಳಗಿರೋದು ಹೊರಗೆ ಬರುವಾಗ ಮೊದಲು ಜಾಸ್ತಿಯಾಗುತ್ತೆ" ಅಂದರು. ಈ ಮಾತು ಎಲ್ಲಿ ಕೇಳಿದರೂ ಎದ್ದು ಬನ್ನಿ. ನೋವು ಇಳಿದರೆ ಥೆರಪಿಯಿಂದ, ಏರಿದರೂ ಥೆರಪಿ ಕೆಲಸ ಮಾಡುತ್ತಿದೆ ಅನ್ನುವುದಾದರೆ, ಡಾಕ್ಟರ್ ಹತ್ತಿರ ಓಡಬೇಕಾದದ್ದು ಯಾವಾಗ? ಅಮ್ಮ ದಿನಾ "ಕಣ್ಣು ತೋರಿಸ್ಕೊಂಡು ಬಾರೇ" ಅನ್ನುತ್ತಿದ್ದರು. ನಾನು ಅವರ ಮೇಲೇ ರೇಗಿದೆ.

ಒಂಬತ್ತನೇ ವಾರ ಅಡುಗೆಮನೆಯಲ್ಲಿ ಎಡಗಡೆ ಇದ್ದ ಹಾಲಿನ ಪಾತ್ರೆ ಕೈ ತಾಗಿ ಬಿತ್ತು. ಅದು ಅಲ್ಲಿರುವುದೇ ನನಗೆ ಕಂಡಿರಲಿಲ್ಲ. ಅವತ್ತು ಹೋದೆ. ಕಣ್ಣಿನ ಡಾಕ್ಟರ್ ಡ್ರಾಪ್ಸ್ ಹಾಕಿ ನೋಡಿ, "ಕಣ್ಣಿನ ನರ ಎರಡೂ ಕಡೆ ಊದಿದೆ, ಮನೆಗೆ ಹೋಗಬೇಡಮ್ಮ, ನೇರ ನ್ಯೂರಾಲಜಿಗೆ ಹೋಗು" ಅಂದರು. ಎಂಆರ್‌ಐ ಆಯಿತು. ಬೆನ್ನಿಗೆ ಸೂಜಿ ಹಾಕಿ ಆ ನೀರಿನ ಒತ್ತಡ ಅಳೆದರು. ಕೊಳವೆಯಲ್ಲಿ ನೀರು ಏರುವ ಎತ್ತರದ ಲೆಕ್ಕದಲ್ಲಿ ಅದು 25 ಸೆಂಟಿಮೀಟರ್ ದಾಟಬಾರದು, ನನಗೆ 38 ಇತ್ತು. ಕಾಯಿಲೆಯ ಹೆಸರು ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್, ಅಂದರೆ ಸ್ಪಷ್ಟ ಕಾರಣ ಸಿಗದೆ ತಲೆಬುರುಡೆಯೊಳಗೆ ಒತ್ತಡ ಏರುವುದು. ತೂಕ ಏರಿದ ಕಿರಿ ವಯಸ್ಸಿನ ಹೆಂಗಸರಲ್ಲೇ ಹೆಚ್ಚು. ಈಗ ಆ ನೀರು ಕಡಿಮೆ ಮಾಡುವ ಡಯಾಮಾಕ್ಸ್ ಮಾತ್ರೆ ತಗೊಳ್ಳುತ್ತಿದ್ದೇನೆ, ತೂಕ ಇಳಿಸುತ್ತಿದ್ದೇನೆ, ತಲೆನೋವು ಹಿಡಿತಕ್ಕೆ ಬಂದಿದೆ. ಬೆರಳು ಜುಮ್ಮೆನ್ನುತ್ತದೆ, ಪರವಾಗಿಲ್ಲ.

ನನಗೆ ಜಾಸ್ತಿ ಸಂಕಟ ಆಗಿದ್ದು ಇಲ್ಲಿ. ತೊಂದರೆ ನಿಜವಾಗಿಯೂ ಆ ನೀರಿನದ್ದೇ ಆಗಿತ್ತು! ಅದಕ್ಕೇ ಅವರ ಮಾತು ಅಷ್ಟು ಸರಿ ಅನ್ನಿಸಿತ್ತು. ಆದರೆ ಅಷ್ಟು ಒತ್ತಡ ತಲೆಯೊಳಗೆ ಇದ್ದಾಗ, 9 ವಾರ ನನ್ನ ತಲೆ ಹಿಡಿದು ಕೂತ ಕೈಗೆ ಅದು ಗೊತ್ತಾಗಲೇ ಇಲ್ಲ. ಆಮೇಲೆ ಕೂತು ಓದಿದೆ. ವಿಲಿಯಂ ಸದರ್ಲೆಂಡ್ ಎಂಬ ಅಮೆರಿಕದ ಆಸ್ಟಿಯೋಪಥಿ (ಮೂಳೆ, ಸ್ನಾಯುಗಳಿಗೆ ಕೈಯಿಂದ ಚಿಕಿತ್ಸೆ ಮಾಡುವ ಪದ್ಧತಿ) ವೈದ್ಯರಿಗೆ ತಲೆಬುರುಡೆಯ ಮೂಳೆಯ ಅಂಚು ಮೀನಿನ ಕಿವಿರಿನ ಹಾಗೆ ಕಂಡಿತಂತೆ. ಹಾಗಾದರೆ ಅವು ಉಸಿರಾಡುವಂತೆ ಅಲುಗಾಡುತ್ತಿರಬೇಕು ಅಂದುಕೊಂಡರು. 1970ರ ದಶಕದಲ್ಲಿ ಜಾನ್ ಅಪ್ಲೆಡ್ಜರ್ ಎಂಬ ಇನ್ನೊಬ್ಬ ಆಸ್ಟಿಯೋಪಥಿ ವೈದ್ಯರು ಇದನ್ನು ಈಗಿನ ರೂಪಕ್ಕೆ ತಂದರು. ಆದರೆ ದೊಡ್ಡವರ ತಲೆಬುರುಡೆಯ ಮೂಳೆಗಳು ಒಂದಕ್ಕೊಂದು ಗಟ್ಟಿಯಾಗಿ ಬೆಸೆದುಕೊಂಡಿರುತ್ತವೆ. ಆ ನೀರು ಅಲುಗಾಡುವುದು ಹೃದಯದ ಬಡಿತಕ್ಕೆ ಮತ್ತು ಉಸಿರಾಟಕ್ಕೆ. ಒಬ್ಬರ ಮೇಲೆಯೇ ಬೇರೆ ಬೇರೆ ಥೆರಪಿಸ್ಟ್‌ಗಳಿಂದ ಈ ಲಯ ಎಣಿಸಿ ನೋಡಿದ ಪರೀಕ್ಷೆಗಳಲ್ಲಿ ಲೆಕ್ಕ ತಾಳೆಯಾಗಲಿಲ್ಲ.

ಆರಾಮಕ್ಕೆ ಹೋಗುವವರು ಹೋಗಲಿ, ನನ್ನ ತಕರಾರಿಲ್ಲ. ಆದರೆ ಮಲಗಿದಾಗ ಜಾಸ್ತಿಯಾಗುವ ತಲೆನೋವು, ಕಿವಿಯಲ್ಲಿ ನಾಡಿಯ ಸದ್ದು, ಎದ್ದು ನಿಂತಾಗ ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದಿದ್ದರೂ ಇವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಕನ್ನಡಕದ ಅಂಗಡಿಯ ಪರೀಕ್ಷೆ ಸಾಲದು. ಡ್ರಾಪ್ಸ್ ಹಾಕಿ ನರ ನೋಡಿ ಎಂದು ಬಾಯಿಬಿಟ್ಟು ಕೇಳಿ. ನನಗೆ ಆ ಪರೀಕ್ಷೆಗೆ ಒಂದು ಗಂಟೆಯೂ ಹಿಡಿಯಲಿಲ್ಲ.