ಅನೇಕ್ ಕನ್ನಡ ಫಾಂಟ್: ಮೂರು ವರ್ಷ ಬಳಸಿದ ಮೇಲೆ

ಅಂಗಡಿ, ಸಂಘ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡೋದು ನನ್ನ ಕೆಲಸ. ಫಾಂಟಿಗೆ ಅಂತ ಬೇರೆ ದುಡ್ಡು ಕೊಡುವ ಗಿರಾಕಿ ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ಹಾಗಾಗಿ ಫಾಂಟುಗಳನ್ನು ಪುಕ್ಕಟೆ ಕೊಡುವ ಗೂಗಲ್ ಫಾಂಟ್ಸ್‌ ಸೈಟಿಗೆ ಹೋಗಿ, ಭಾಷೆ ಕನ್ನಡ ಅಂತ ಆರಿಸಿ, ಬಂದದ್ದರಲ್ಲೇ ಹುಡುಕುತ್ತೇನೆ. ನೋಟೊ, ಬಾಲೂ ತಮ್ಮ, ಟಿರೊ, ಹುಬ್ಬಳ್ಳಿ... ಇಂಗ್ಲಿಷಿನ ಪಟ್ಟಿಗೆ ಕೊನೆಯೇ ಇಲ್ಲ. ನಮ್ಮದು ಚಹಾ ಮುಗಿಯೋದರೊಳಗೆ ಮುಗಿಯುತ್ತದೆ.

ಆ ಚಹಾದ ಹೊತ್ತು ಮಾತ್ರ ನನಗೆ ಇಷ್ಟ. ಪ್ರತಿ ಫಾಂಟಿನ ಪುಟದಲ್ಲೂ ಟೈಪ್ ಮಾಡಿ ನೋಡಲು ಒಂದು ಜಾಗ ಇರುತ್ತದಲ್ಲ, ಅಲ್ಲಿ ದ, ಧ, ಥ ಮೂರನ್ನೂ ಅಕ್ಕಪಕ್ಕ ಇಟ್ಟು ಗಾತ್ರ 14ಕ್ಕೆ ಇಳಿಸುತ್ತೇನೆ. ‘ಥ’ದೊಳಗಿನ ಚುಕ್ಕೆ ಕಂಡರೆ ಪಾಸ್. ಆಮೇಲೆ ‘ಸೂರ್ಯ’, ‘ಕೃಷ್ಣ’, ‘ರಾಷ್ಟ್ರ’. ಫಾಂಟ್ ತಯಾರಿಸುವ ಏಕ್ ಟೈಪ್‌ನವರು 2022ರಲ್ಲಿ ಹೊರತಂದ ಅನೇಕ್ ಇದೆಲ್ಲದರಲ್ಲೂ ಗೆದ್ದಿತು. ತೆಳುವಿನಿಂದ ದಪ್ಪದವರೆಗೆ, ಅಗಲ ಕೂಡ ಹಿಗ್ಗಿಸಿ ಕುಗ್ಗಿಸಬಹುದು. ಉದ್ದನೆಯ ತಲೆಬರಹ ಮೊಬೈಲಿನಲ್ಲಿ ಎರಡನೇ ಸಾಲಿಗೆ ಜಾರಿದರೆ ಅಗಲ ಸ್ವಲ್ಪ ಇಳಿಸಿದರಾಯಿತು.

ಇಷ್ಟು ಹೊಗಳಿ ಆಯಿತು. ಈಗ ಸಂಕಟದ ಮಾತು.

ಪುಸ್ತಕದಂಗಡಿ ಇಟ್ಟಿರುವ ನಿವೃತ್ತ ಕನ್ನಡ ಮೇಷ್ಟ್ರಿಗೆ ಸೈಟ್ ಮಾಡಿದ್ದೆ. ಮರುದಿನವೇ ಫೋನ್. "ಏನಪ್ಪಾ, ರಾಷ್ಟ್ರ ಅಂತ ಬರೆದ್ರೆ ರಾಷ ಅಂತ ಕಾಣ್ತಿದೆ. ಒತ್ತು ಎಲ್ಲಿ ಹೋಯ್ತು?" ನೋಡಿದರೆ ನಿಜ. ಟ, ರ ಎರಡೂ ಒತ್ತುಗಳ ಕಾಲು ಕತ್ತರಿಸಿ ಹೋಗಿದೆ! ಮೊದಲು ಫಾಂಟನ್ನೇ ಬೈದೆ. ಸುಮ್ನೆ ಬೈದೆ. ದುಡ್ಡು ಕೊಟ್ಟು ತಂದ ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಇಂಗ್ಲಿಷಿಗೆ ಹೊಲಿದ ಅಂಗಿ. ತಲೆಬರಹದ ಲೈನ್-ಹೈಟ್, ಅಂದರೆ ಸಾಲಿಗೆ ಸಿಗುವ ಎತ್ತರ, ಅಕ್ಷರದ ಗಾತ್ರದ 1.1 ಪಟ್ಟು ಮಾತ್ರ. ಮೇಲಿಂದ ಓವರ್‌ಫ್ಲೋ ಹಿಡನ್, ಅಂದರೆ ಜಾಗ ಮೀರಿದ್ದನ್ನು ಮರೆಮಾಡುವ ಸೂಚನೆ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಜಾಗ ಸಾಕು. ನಮ್ಮ ಒತ್ತಕ್ಷರ ಒಂದರ ಕೆಳಗೊಂದು ಇಳಿಯುತ್ತದೆ, ಅಲ್ವಾ? ನನ್ನ ತಪ್ಪೂ ಇದೆ. ಪರೀಕ್ಷೆ ಮಾಡುವಾಗ ಒಂದೇ ಸಾಲು ಬರೆಯುತ್ತಿದ್ದೆ. ಈಗ ಎರಡು ಸಾಲು: ಮೇಲೆ ‘ಸ್ತ್ರೀ’, ಅದರ ನೇರ ಕೆಳಗೆ ‘ಮೀಮಾಂಸೆ’. ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗಬಾರದು. ಲೈನ್-ಹೈಟ್ 1.6ಕ್ಕೆ ಏರಿಸಿ, ಕೆಳಗೆ ಚೂರು ಪ್ಯಾಡಿಂಗ್ (ಖಾಲಿ ಜಾಗ) ಕೊಟ್ಟ ಮೇಲೆ ಒತ್ತುಗಳು ನೆಮ್ಮದಿಯಾಗಿ ಕೂತವು.

ಇನ್ನೊಂದು ಸಮಾಧಾನ. ಕನ್ನಡ ಫಾಂಟ್ ಫೈಲು ಇಂಗ್ಲಿಷಿನದಕ್ಕಿಂತ ಭಾರ. ಒತ್ತು, ಗುಣಿತ ಎಲ್ಲಕ್ಕೂ ಆಕಾರ ಬರೆದಿಟ್ಟಿರಬೇಕಲ್ಲ. ಆದರೆ ಗೂಗಲ್‌ನಿಂದ ನೇರ ತರಿಸಿಕೊಂಡರೆ, ಪುಟದಲ್ಲಿ ಕನ್ನಡ ಇದ್ದಾಗ ಮಾತ್ರ ಕನ್ನಡದ ಭಾಗ ಡೌನ್‌ಲೋಡ್ ಆಗುತ್ತದೆ. ಲೈಸೆನ್ಸ್ ಮುಕ್ತವಾದ್ದರಿಂದ ಫೈಲನ್ನು ನಮ್ಮ ಸರ್ವರಿನಲ್ಲೇ ಇಟ್ಟುಕೊಳ್ಳಬಹುದು. ನಾನು ಈಗ ಹಾಗೇ ಮಾಡುತ್ತೇನೆ.

ಐದಕ್ಕೆ ನಾಲ್ಕೂವರೆ. ಅರ್ಧ ಕಡಿತ ಓರೆ ಅಕ್ಷರ ಇಲ್ಲದ್ದಕ್ಕೆ. ಪುಸ್ತಕಗಳ ಹೆಸರನ್ನೆಲ್ಲ ಓರೆ ಮಾಡು ಅಂತ ಮೇಷ್ಟ್ರು ಈಗ ಹೇಳಿದ್ದಾರೆ. ಬ್ರೌಸರಿಗೆ ಬಿಟ್ಟರೆ ಅದು ತಾನೇ ಬಗ್ಗಿಸುತ್ತದೆ, ಗಾಳಿಗೆ ವಾಲಿದ ಜೋಳದ ದಂಟಿನ ಥರ. ಸದ್ಯಕ್ಕೆ ದಪ್ಪ ಮಾಡಿ ಸುಮ್ಮನಿದ್ದೇನೆ. ಅವರಿನ್ನೂ ಗಮನಿಸಿಲ್ಲ.