ಓಟ್ಸ್ ಕುಕಿಗೆ ಯಾವ ಮೊಲಾಸಿಸ್: ತಿಳಿ ಬಣ್ಣದ್ದೋ, ಬ್ಲ್ಯಾಕ್‌ಸ್ಟ್ರ್ಯಾಪೋ?

ಮೊಲಾಸಿಸ್ ಎಂದರೆ ಕಬ್ಬಿನ ರಸ ಕುದಿಸಿ ಸಕ್ಕರೆ ತೆಗೆದ ಮೇಲೆ ಉಳಿಯುವ ದಪ್ಪ ಪಾಕ, ಅಂದರೆ ಕಾಕಂಬಿ. ಕುಕಿ ಮೆತ್ತಗೆ, ಅಗಿಯುವಂತೆ ಬರಬೇಕಿದ್ದರೆ ಕಣ್ಣುಮುಚ್ಚಿ ತಿಳಿ ಮೊಲಾಸಿಸ್ ತೆಗೆದುಕೊಳ್ಳಿ. ಕಬ್ಬಿನ ರಸದ ಮೊದಲ ಕುದಿತದಲ್ಲಿ ಸಿಗುವ ಇದರಲ್ಲಿ ಸಕ್ಕರೆ ಹೆಚ್ಚು, ಸಿಹಿಯೂ ಹಿತ. ತೇವವನ್ನು ಹಿಡಿದಿಡುವುದರಿಂದ ಕುಕಿ ಮರುದಿನವೂ ಮೆತ್ತಗಿರುತ್ತದೆ. ಬ್ಲ್ಯಾಕ್‌ಸ್ಟ್ರ್ಯಾಪ್ ಮೂರನೇ ಕುದಿತದ್ದು. ಕಪ್ಪು, ಕಹಿ. ಅದರಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಜಾಸ್ತಿ ಎನ್ನುವುದು ನಿಜ, ಆದರೆ ಕುಕಿಯನ್ನು ಯಾರೂ ಔಷಧಿಯೆಂದು ತಿನ್ನುವುದಿಲ್ಲವಲ್ಲ! ಶುಂಠಿ, ದಾಲ್ಚಿನ್ನಿ ಧಾರಾಳವಾಗಿ ಹಾಕುವವರು ಕಾಲುಭಾಗ ಬ್ಲ್ಯಾಕ್‌ಸ್ಟ್ರ್ಯಾಪ್ ಬೆರೆಸಬಹುದು, ಅಷ್ಟೇ. ಎರಡೂ ಆಮ್ಲೀಯವೇ, ಹಾಗಾಗಿ ಬೇಕಿಂಗ್ ಸೋಡಾ ಬೇಕೇ ಬೇಕು.

ಓಟ್ಸ್‌ನಲ್ಲಿ ರೋಲ್ಡ್ (ಅವಲಕ್ಕಿಯಂತೆ ಚಪ್ಪಟೆ ಮಾಡಿದ್ದು) ಮೇಲು. ಬೇಗ ಬೇಯುವ ಇನ್‌ಸ್ಟಂಟ್ ಓಟ್ಸ್ ಹಾಕಿದರೆ ಅಗಿತವೇ ಇರದು. ಯಾವುದನ್ನೇ ಆರಿಸಿ, 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂಚು ಗಟ್ಟಿಯಾಗಿ, ನಡು ಇನ್ನೂ ಹಸಿಯಂತೆ ಹೊಳೆಯುವಾಗಲೇ ಹೊರತೆಗೆಯಿರಿ. ಉಳಿದದ್ದು ಬಿಸಿ ಟ್ರೇ ಮೇಲೆ ತಾನೇ ಬೇಯುತ್ತದೆ.