ದಾವಣಗೆರೆಯಲ್ಲಿ ನಾಯಿಗಳಿಗೆ ಹಸಿ ಮಾಂಸದ ಊಟ: ಕಡಿಮೆ ಖರ್ಚಿನ ಲೆಕ್ಕ ಮತ್ತು ಅದರ ಮಿತಿ

ದಾವಣಗೆರೆಯ ಕೋಳಿ ಅಂಗಡಿಗಳನ್ನೇ ನಂಬಿಕೊಂಡು ನಮ್ಮ ಎರಡು ನಾಯಿಗಳಿಗೆ ಹಸಿ ಮಾಂಸ ಹಾಕುವ ಪದ್ಧತಿಯನ್ನು ಕೆಲವು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಒಂದು 30 ಕೆ.ಜಿ. ತೂಗುವ ಲ್ಯಾಬ್ರಡಾರ್, ಇನ್ನೊಂದು 18 ಕೆ.ಜಿ.ಯ ನಾಟಿ ನಾಯಿ. ಬೆಳೆದ ನಾಯಿಗೆ ದಿನಕ್ಕೆ ಅದರ ತೂಕದ ಶೇ 2ರಿಂದ 3ರಷ್ಟು ಆಹಾರ ಎಂಬುದು ಈ ಪದ್ಧತಿಯವರು ಹಾಕುವ ಲೆಕ್ಕ. ಬೇಗ ಮೈ ಬರುವ ಲ್ಯಾಬ್ರಡಾರಿಗೆ ಶೇ 2, ದಿನವಿಡೀ ಓಡಾಡುವ ನಾಟಿಗೆ ಶೇ 3 ಎಂದು ಹಿಡಿದರೆ ಎರಡಕ್ಕೂ ಸೇರಿ ದಿನಕ್ಕೆ 1,140 ಗ್ರಾಂ, ತಿಂಗಳಿಗೆ ಸುಮಾರು 34 ಕೆ.ಜಿ. ಬೇಕಾಗುತ್ತದೆ. ಪ್ಯಾಕೆಟ್ ಆಹಾರಕ್ಕಿಂತ ಇದು ಅಗ್ಗವೇ ಎಂದು ಹಲವರು ಕೇಳುತ್ತಾರೆ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವುದು ಮೂಳೆಯೇ ಹೊರತು ಮಾಂಸವಲ್ಲ ಎಂಬುದನ್ನು ಮೊದಲು ತಿಳಿದುಕೊಂಡರೆ ಉಳಿದ ಲೆಕ್ಕ ಸಲೀಸಾಗುತ್ತದೆ.

ಸಾಮಾನ್ಯವಾಗಿ ಹೇಳುವ ಪ್ರಮಾಣ ಮಾಂಸ ಶೇ 80, ಮೂಳೆ ಶೇ 10, ಒಳಅಂಗಗಳು ಶೇ 10, ಅದರಲ್ಲಿ ಅರ್ಧ ಲಿವರ್. ಕೋಳಿಯ ಕತ್ತಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ಕಾಲಿನ ಪಂಜದಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಯೇ ಇರುತ್ತದೆ. ಅಂದರೆ 600 ಗ್ರಾಂ ತಿನ್ನುವ ಲ್ಯಾಬ್ರಡಾರಿಗೆ ದಿನಕ್ಕೆ 170 ಗ್ರಾಂನಷ್ಟು ಕತ್ತು, ಒಂದು ಕೋಳಿಯ ಲಿವರ್, ಅಷ್ಟೇ ತೂಕದ ಬೇರೆ ಒಳಅಂಗ ಸಾಕು, ಉಳಿದದ್ದೆಲ್ಲ ಮಾಂಸವಾಗಿರಬೇಕು. ಆದರೆ ಕಡಿಮೆ ದುಡ್ಡಿಗೆಂದು ಹೊರಟವರು ಕತ್ತು, ಪಂಜ ಮತ್ತು ಬೋನ್‌ಲೆಸ್ ತೆಗೆದು ಉಳಿದ ಗೂಡನ್ನೇ ಬಟ್ಟಲು ತುಂಬ ಹಾಕುತ್ತಾರೆ. ಅದರ ಫಲ ಮಾರನೆಯ ಬೆಳಿಗ್ಗೆಯೇ ಕಾಣುತ್ತದೆ: ಮಲ ಬಿಳಿಚಿ, ಒಣಗಿ, ಕಾಲಲ್ಲಿ ಒತ್ತಿದರೆ ಸುಣ್ಣದ ಹೆಂಟೆಯಂತೆ ಪುಡಿಯಾಗುತ್ತದೆ, ನಾಯಿ ಮುಕ್ಕಿರಿಯುತ್ತದೆ. ಲಿವರ್ ಹೆಚ್ಚಾದರೆ ಇದಕ್ಕೆ ತದ್ವಿರುದ್ಧವಾಗಿ ಕಪ್ಪಾಗಿ ಸಡಿಲವಾಗುತ್ತದೆ. ಬಹುಕಾಲ ಹಾಗೆಯೇ ನಡೆದರೆ ವಿಟಮಿನ್ ಎ ಮಿತಿಮೀರುವ ಅಪಾಯವೂ ಇದೆ.

ಮಾಂಸದ ಪಾಲನ್ನು ನಾನು ಹೆಚ್ಚಾಗಿ ಕೋಳಿಯ ಗಿಜರ್ಡ್ (ಕಾಳು ಅರೆಯುವ ಗಟ್ಟಿ ಜಠರ) ಮತ್ತು ಹೃದಯದಿಂದ ತುಂಬಿಸುತ್ತೇನೆ. ಇವೆರಡೂ ಮೈಯೊಳಗಿನ ಭಾಗಗಳಾದರೂ ಸ್ನಾಯುವೇ ಆದ್ದರಿಂದ ಮಾಂಸದ ಲೆಕ್ಕಕ್ಕೆ ಸೇರುತ್ತವೆ, ಬೋನ್‌ಲೆಸ್ಸಿಗಿಂತ ಎಷ್ಟೋ ಅಗ್ಗ. ಖರೀದಿಸುವಾಗ ಒಂದು ಎಚ್ಚರ ಬೇಕು. "ನಾಯಿಗಾ ಸಾರ್? ಹಂಗಾದ್ರೆ ಇದನ್ನ ತಗಂಡೋಗ್ರಿ" ಎಂದು ಅಂಗಡಿಯವರ ಕೈ ಕೆಳಗಿನ ಬಕೆಟ್ಟಿಗೆ ಹೋಗುತ್ತದೆ, ಬೆಳಿಗ್ಗೆಯಿಂದ ಬಿಸಿಲಿಗೆ ಬಿದ್ದ ಆ ಸರಕು ಪುಕ್ಕಟೆ ಕೊಟ್ಟರೂ ಬೇಡ. ಬೆಳಿಗ್ಗೆ ಏಳಕ್ಕೆ ಹೋಗಿ, ಮನೆಗೆಂದು ಕೇಳಿ, ತೂಗಿಸಿ ತರುವುದೇ ಮೇಲು. ಶ್ರಾವಣದಲ್ಲಿ ಮಾಂಸ ಬಿಡುವವರು ಹೆಚ್ಚಾದ್ದರಿಂದ ದರ ಇಳಿಯುತ್ತದೆ, ಫ್ರೀಜರ್ ತುಂಬಿಸಲು ಅದೇ ಸಕಾಲ. ಯುಗಾದಿಯ ಕರಿ ದಿನ ಅಂಗಡಿಯ ಕಡೆ ತಲೆ ಹಾಕದಿರುವುದು ಒಳ್ಳೆಯದು. ಫ್ರೀಜರಿನ ಬೆಲೆ ಮತ್ತು ಅದರ ಕರೆಂಟ್ ಬಿಲ್ಲನ್ನು ಊಟದ ಖರ್ಚಿಗೆ ಸೇರಿಸದೆ ಅಗ್ಗ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಕುರಿಯ ವಿಷಯದಲ್ಲಿ ಮಾತ್ರ ನನ್ನ ನಿಲುವು ಕಟ್ಟುನಿಟ್ಟು. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಸಮಯದಲ್ಲಿ ಊರ ತುಂಬ ಕುರಿ ಬೀಳುತ್ತವೆ. ಮನುಷ್ಯರು ತಿನ್ನದೆ ಬಿಟ್ಟ ಶ್ವಾಸಕೋಶ, ಗುಳ್ಳೆ ಎದ್ದ ಲಿವರ್ ನೇರವಾಗಿ ನಾಯಿಗಳ ಪಾಲಾಗುತ್ತವೆ. ಆ ನೀರುಗುಳ್ಳೆಗಳು ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿ ಹಂತವಾಗಿರಬಹುದು. ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಅವು ಬೆಳೆದು, ಮೊಟ್ಟೆಗಳು ಮಲದಲ್ಲಿ ಹೊರಬಂದು, ನಾಯಿಯ ಮೈ ಸವರಿದ ಕೈಯಿಂದ ಮನುಷ್ಯರ ಹೊಟ್ಟೆ ಸೇರಿದರೆ ನಮ್ಮ ಲಿವರ್, ಶ್ವಾಸಕೋಶಗಳಲ್ಲೂ ಅದೇ ಗುಳ್ಳೆಗಳು ಏಳುತ್ತವೆ. ನಾಯಿ ಮಾತ್ರ ಆರೋಗ್ಯವಾಗಿಯೇ ಕಾಣುತ್ತಿರುತ್ತದೆ. ಹೀಗಾಗಿ ಕುರಿ, ಮೇಕೆಯ ಒಳಅಂಗವನ್ನು ಚೆನ್ನಾಗಿ ಬೇಯಿಸಿಯೇ ಹಾಕುತ್ತೇನೆ. ಗುಳ್ಳೆ ಕಂಡದ್ದನ್ನು ಬೇಯಿಸಿಯೂ ಹಾಕುವುದಿಲ್ಲ. ಜಂತುಹುಳುವಿನ ಮಾತ್ರೆಯಲ್ಲಿ ಪ್ರಾಜಿಕ್ವಾಂಟೆಲ್ ಇದೆಯೇ ಎಂದು ನೋಡಿಕೊಳ್ಳಬೇಕು, ಅದಿಲ್ಲದ ಸಾಮಾನ್ಯ ಮಾತ್ರೆಗಳಿಗೆ ಈ ಹುಳು ಜಗ್ಗುವುದಿಲ್ಲ. ಕೆರೆಯ ಮೀನನ್ನೂ ಬೇಯಿಸುವುದೇ ಲೇಸು. ಗೆಂಡೆ ಜಾತಿಯ ಹಸಿ ಮೀನಿನಲ್ಲಿ ವಿಟಮಿನ್ ಬಿ1 ಅನ್ನು ನಾಶ ಮಾಡುವ ಅಂಶವಿದೆ.

ಈ ಊಟ ಶುರುವಾದ ಮೇಲೆ ನಮ್ಮ ನಾಯಿಗಳ ಹಲ್ಲಿನ ಪಾಚಿ ಕಡಿಮೆಯಾಗಿದೆ, ಮಲದ ಪ್ರಮಾಣ ಇಳಿದಿದೆ, ಲ್ಯಾಬ್ರಡಾರಿನ ತೂಕ ಹಿಡಿತದಲ್ಲಿದೆ. ಕೂದಲಿನ ಹೊಳಪು ಹೆಚ್ಚಿದೆ ಎಂದು ಮನೆಯವರು ಹೇಳುತ್ತಾರೆ, ನನಗೆ ಅಷ್ಟೇನೂ ವ್ಯತ್ಯಾಸ ಕಂಡಿಲ್ಲ. ನಮ್ಮ ಪಶುವೈದ್ಯರು ಈ ಪದ್ಧತಿಯನ್ನು ಇಂದಿಗೂ ಒಪ್ಪಿಲ್ಲ, ಅವರ ಆಕ್ಷೇಪ ನ್ಯಾಯವಾದದ್ದೇ. ಅಮೆರಿಕದ ಪಶುವೈದ್ಯರ ಸಂಘವೂ 2012ರಿಂದ ಹಸಿ ಮಾಂಸ ಬೇಡವೆಂದೇ ಹೇಳುತ್ತಿದೆ. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿಟ್ಟರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ನಾಯಿಯ ಬಟ್ಟಲಿಗೆ, ಚಾಕುವಿಗೆ, ಮಣೆಗೆ ಬೇರೆಯೇ ಜಾಗ ಮಾಡಿದ್ದೇನೆ. ತೊಳೆಯುವುದೂ ಅಡುಗೆಮನೆಯ ಸಿಂಕಿನಲ್ಲಲ್ಲ, ಹಿತ್ತಲಿನ ನಲ್ಲಿಯಲ್ಲಿ. ಬೇಸಿಗೆಯಲ್ಲಿ ಕಾಲು ಗಂಟೆಯೊಳಗೆ ತಿನ್ನದೆ ಬಿಟ್ಟದ್ದನ್ನು ಎತ್ತಿ ಎಸೆಯುತ್ತೇನೆ. ಕರೆಂಟ್ ಬಹಳ ಹೊತ್ತು ಹೋಗಿ ಮಾಂಸ ಮೆತ್ತಗಾಗಿದ್ದರೆ ಅಂದೇ ಎಲ್ಲವನ್ನೂ ಬೇಯಿಸಿಬಿಡುತ್ತೇನೆ, ಮೂಳೆ ತೆಗೆದು. ಬೆಂದ ಕೋಳಿ ಮೂಳೆ ಚೂಪಾಗಿ ಸೀಳುವುದರಿಂದ ಅದನ್ನು ಯಾವ ಕಾರಣಕ್ಕೂ ಹಾಕಬಾರದು. ಅಂಥ ದಿನಗಳಲ್ಲಿ ಮೂಳೆಯ ಬದಲು ಮೊಟ್ಟೆಯ ಚಿಪ್ಪನ್ನು ಒಣಗಿಸಿ ನುಣ್ಣಗೆ ಪುಡಿ ಮಾಡಿ ಬೆರೆಸುತ್ತೇನೆ. ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ.

ತೆವಳುವ ಮಗುವಾಗಲಿ, ಕಾಯಿಲೆಯಲ್ಲಿರುವ ಹಿರಿಯರಾಗಲಿ ಇರುವ ಮನೆಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ದೊಡ್ಡ ತಳಿಯ ಮರಿಗಳಿಗೂ ಬೇಡ, ಕ್ಯಾಲ್ಸಿಯಂ ಅಳತೆ ಹೆಚ್ಚುಕಡಿಮೆಯಾದರೆ ಅವುಗಳ ಕಾಲಿನ ಮೂಳೆಗಳೇ ಸೊಟ್ಟಗಾಗುತ್ತವೆ. ಅಂಥವರು ಅದೇ ಗಿಜರ್ಡ್, ಹೃದಯಗಳನ್ನು ಅದೇ ಅಂಗಡಿಯಿಂದ ತಂದು ಬೇಯಿಸಿ ಹಾಕಬಹುದು. ಮರಿಯಾದರೆ ಕ್ಯಾಲ್ಸಿಯಂ ಅಳತೆಯನ್ನು ಪಶುವೈದ್ಯರಿಂದಲೇ ಬರೆಸಿಕೊಳ್ಳಬೇಕು.